ಕಡ್ಡಿಯಿಂದ ಕಡ್ಡಿಗೆ ಕೋಲಿಯಸ್

ವೈಟ್‌ಫೀಲ್ಡ್ ಕಡೆಯಿಂದ ಹೊಸಕೋಟೆಗೆ ಹೋಗುವಾಗ ಸಿಗುವ ಸಮೇತನಹಳ್ಳಿಯಲ್ಲಿ ಈಗ ಎರಡು ಬಗೆಯ ಅಂಗಳಗಳಿವೆ. ಒಂದು, ಊರೊಳಗಿನ ಹಳೆಯ ಮನೆಗಳದು: ತುಳಸಿಕಟ್ಟೆ, ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಗೋಡೆ ಬದಿಗೆ ದಾಸವಾಳ, ತೂತು ಬಿದ್ದ ಬಕೆಟ್ಟಿನಲ್ಲಿ ದೊಡ್ಡಪತ್ರೆ. ಇನ್ನೊಂದು, ರಾಗಿ ಹೊಲ, ನೀಲಗಿರಿ ತೋಪುಗಳ ಜಾಗದಲ್ಲಿ ಎದ್ದ ಬಡಾವಣೆಗಳದು: ಮನೆಗೂ ಕಾಂಪೌಂಡಿಗೂ ನಡುವೆ ಮೂರಡಿ ಸಂದಿ, ಮೇಲೊಂದು ಬಾಲ್ಕನಿ, ಎದುರಿಗೆ ಪಕ್ಕದ ಮನೆಯ ಗೋಡೆ. ಬೆಳಗಿನ ಬಿಸಿಲು ಎರಡು ಗಂಟೆ ಬಂದು ಹೋದರೆ ಅದೇ ಹೆಚ್ಚು. ಇಂಥ ಸಂದಿಯಲ್ಲಿ ಗುಲಾಬಿ ಇಟ್ಟವರಿಗೆ ಮುಳ್ಳು ಸಿಗುತ್ತದೆ, ಹೂ ಸಿಗುವುದಿಲ್ಲ. ಸೇವಂತಿಗೆ ಉದ್ದಕ್ಕೆ ಎಳೆದು ಮಲಗುತ್ತದೆ. ಇಂಥ ಕಡೆಗೆ ಹೇಳಿ ಮಾಡಿಸಿದ ಗಿಡ ಕೋಲಿಯಸ್. ಬಣ್ಣಕ್ಕೆ ಅದು ಹೂವನ್ನು ನೆಚ್ಚಿಕೊಂಡಿಲ್ಲ, ಎಲೆಯಲ್ಲೇ ಇಟ್ಟುಕೊಂಡಿದೆ.

ನರ್ಸರಿಗೆ ಹೋಗಿ 'ಬಣ್ಣದ ಎಲೆಯ ಗಿಡ ಕೊಡಿ' ಎಂದರೆ ಕೆಲವರು ಕ್ರೋಟನ್ ಎತ್ತಿಕೊಡುತ್ತಾರೆ. ಎರಡಕ್ಕೂ ಸಂಬಂಧವಿಲ್ಲ. ಕ್ರೋಟನ್ ಹರಳು ಗಿಡದ ಕುಟುಂಬದ್ದು: ಗಟ್ಟಿ ಕಾಂಡ, ಚರ್ಮದಂಥ ಎಲೆ, ಮುರಿದರೆ ಹಾಲು. ಕೋಲಿಯಸ್ ತುಳಸಿಯ ಕುಟುಂಬದ್ದು. ಗುರುತು ಹಿಡಿಯುವುದು ಸುಲಭ. ಕಾಂಡವನ್ನು ಎರಡು ಬೆರಳ ನಡುವೆ ಉರುಳಿಸಿದರೆ ನಾಲ್ಕು ಮೂಲೆ ಕೈಗೆ ತಗಲುತ್ತವೆ. ಎಲೆಗಳು ಜೋಡಿ ಜೋಡಿಯಾಗಿ ಎದುರುಬದುರಾಗಿ ಬರುತ್ತವೆ. ಒಂದು ಜೋಡಿ ಪೂರ್ವ–ಪಶ್ಚಿಮ ನೋಡಿದರೆ ಅದರ ಮೇಲಿನದು ಉತ್ತರ–ದಕ್ಷಿಣ. ಕನ್ನಡ ನಾಡಿನ ಮಟ್ಟಿಗೆ ಈ ಗಿಡದ ದಾಯಾದಿಗಳೂ ಅಪರಿಚಿತರಲ್ಲ. ತಂಬುಳಿಗೆ, ಮಕ್ಕಳ ಕೆಮ್ಮಿಗೆ ಕಿತ್ತು ತರುವ ದೊಡ್ಡಪತ್ರೆ ಕೋಲಿಯಸ್ ಕುಲದ್ದೇ. ಉಪ್ಪಿನಕಾಯಿಗೂ ಔಷಧ ಕಂಪನಿಗಳಿಗೂ ಬೆಳೆಯುವ ಮಾಕಂದಿ ಬೇರು ಇನ್ನೊಂದು. ಕರಾವಳಿಯವರ ಸಾಂಬ್ರಾಣಿ ಗೆಡ್ಡೆ ಮತ್ತೊಂದು. ಈ ಮೂರೂ ಹೊಟ್ಟೆಗೆ ಹೋಗುತ್ತವೆ, ಬಣ್ಣದ ಕೋಲಿಯಸ್ ಮಾತ್ರ ಕಣ್ಣಿಗಷ್ಟೇ. ದೊಡ್ಡಪತ್ರೆಯ ನೆಂಟನೆಂದು ಬಜ್ಜಿ ಹಾಕಹೋಗಬಾರದು. ನಾಯಿ, ಬೆಕ್ಕು ಇರುವ ಮನೆಯಲ್ಲಿ ಅವು ಎಲೆ ಜಗಿಯದ ಎತ್ತರದಲ್ಲಿ ಇಡುವುದು ಒಳ್ಳೆಯದು. ತಿಂದರೆ ವಾಂತಿ, ಭೇದಿ ಆಗಬಹುದು.

ಆಗ್ನೇಯ ಏಷ್ಯಾದಿಂದ ಆಸ್ಟ್ರೇಲಿಯಾದವರೆಗಿನ ಬೆಚ್ಚಗಿನ ನಾಡುಗಳು ಇದರ ತವರು. 1763ರಲ್ಲಿ ಲಿನೇಯಸ್ ಇದನ್ನು ತುಳಸಿಯ ಕುಲಕ್ಕೇ ಸೇರಿಸಿ ಹೆಸರಿಟ್ಟಿದ್ದ. ಆಮೇಲೆ ಕೋಲಿಯಸ್ ಆಯಿತು, ಸೊಲೆನೊಸ್ಟೆಮನ್ ಆಯಿತು, ಪ್ಲೆಕ್ಟ್ರಾಂಥಸ್ ಆಯಿತು. 2019ರಲ್ಲಿ ಸಸ್ಯವಿಜ್ಞಾನಿಗಳು ಕುಲವನ್ನು ಮತ್ತೆ ವಿಂಗಡಿಸಿದಾಗ ಕೋಲಿಯಸ್ಸೇ ವಾಪಸ್ಸು ಬಂತು. ಬೀಜದ ಪೊಟ್ಟಣದ ಮೇಲೆ ಇವುಗಳಲ್ಲಿ ಯಾವ ಹೆಸರಿದ್ದರೂ ಒಳಗಿರುವುದು ಒಂದೇ ಎಂದು ತಿಳಿದಿದ್ದರೆ ಸಾಕು. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಈ ಗಿಡದ ಹುಚ್ಚೇ ಹಿಡಿದಿತ್ತು. ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಚಿಸ್ವಿಕ್ ತೋಟದಲ್ಲಿ ಮೂಡಿದ ಹೊಸ ತಳಿಗಳನ್ನು 1868ರಲ್ಲಿ ಹರಾಜು ಕೂಗಿದ್ದರು. ಅಲ್ಲಿ ಚಳಿಗಾಲ ಬಂದರೆ ಗಿಡ ಸಾಯುತ್ತದೆ. ಗಾಜಿನ ಮನೆಯೊಳಗೆ ಬೆಚ್ಚಗೆ ಕಾಪಾಡಬೇಕು. ಹಾಗಾಗಿ ಅವರ ಪುಸ್ತಕಗಳೆಲ್ಲ ಕೋಲಿಯಸ್ಸನ್ನು ಒಂದು ಬೇಸಿಗೆಯ ಗಿಡವೆಂದೇ ಬರೆಯುತ್ತವೆ. ಆ ಲೆಕ್ಕ ಹೊಸಕೋಟೆ ತಾಲ್ಲೂಕಿಗೆ ಹೊಂದುವುದಿಲ್ಲ.

ಇಲ್ಲಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಜನವರಿಯ ಮುಂಜಾವು ಎಷ್ಟೇ ಕೊರೆದರೂ ಉಷ್ಣಾಂಶ 10 ಡಿಗ್ರಿಯ ಕೆಳಗೆ ಇಳಿಯುವುದು ಅಪರೂಪ, ಕೋಲಿಯಸ್ ಮುದುಡುವುದು ಅದರ ಕೆಳಗೇ. ಏಪ್ರಿಲ್‌ನಲ್ಲಿ ಪಾದರಸ 35ರ ಆಸುಪಾಸು ತಲುಪಿದರೂ ರಾತ್ರಿ ತಂಪಾಗುತ್ತದೆ. ಅಂದರೆ ವರ್ಷದ ಹನ್ನೆರಡು ತಿಂಗಳೂ ಗಿಡವನ್ನು ಹೊರಗೇ ಇಡಬಹುದು. ಆದರೆ ಹನ್ನೆರಡು ತಿಂಗಳೂ ಅದೇ ಗಿಡ ಚೆನ್ನಾಗಿರುತ್ತದೆ ಎಂದಲ್ಲ. ಎಂಟು ತಿಂಗಳು ದಾಟಿದ ಕೋಲಿಯಸ್‌ಗೆ ಬುಡ ಮರದಂತಾಗಿ, ಕೆಳಗಿನ ಎಲೆ ಉದುರಿ, ತುದಿಯಲ್ಲಿ ಮಾತ್ರ ನಾಲ್ಕು ಎಲೆ ಉಳಿಯುತ್ತದೆ. 'ನಾನು ತಂದಾಗ ಎಷ್ಟು ಚೆನ್ನಾಗಿತ್ತು, ಈಗ ನೋಡಿ' ಎಂಬ ದೂರು ಹುಟ್ಟುವುದು ಇಲ್ಲಿಂದಲೇ. ಗಿಡಕ್ಕೆ ಕಾಯಿಲೆ ಬಂದಿಲ್ಲ, ವಯಸ್ಸಾಗಿದೆ. ಕೋಲಿಯಸ್ ಬೆಳೆಸುವುದೆಂದರೆ ಕೊಂಡ ಗಿಡವನ್ನು ಕಾಪಾಡಿಕೊಂಡು ಕೂರುವುದಲ್ಲ. ಅದರ ಕಡ್ಡಿಯನ್ನು ಮುಂದಿನ ಕುಂಡಕ್ಕೆ ದಾಟಿಸುತ್ತಾ ಹೋಗುವುದು. ಇಷ್ಟು ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸಲೀಸು.

ಬಣ್ಣದ ವಿಷಯದಲ್ಲಿ ಮೊದಲು ನೋಡಬೇಕಾದ್ದು ಬೆಳಕನ್ನು. ಎಲೆಯ ಕೆಂಪು, ನೇರಳೆ ಬರುವುದು ಆಂಥೋಸಯನಿನ್ ಎಂಬ ವರ್ಣದ್ರವ್ಯದಿಂದ. ಅದು ಚೆನ್ನಾಗಿ ಮೂಡಲು ಬೆಳಕು ಬೇಕು. ಕತ್ತಲ ಮೂಲೆಯಲ್ಲಿಟ್ಟರೆ ಎಲೆ ಮಂಕಾಗುತ್ತದೆ, ಹಸಿರು ಮೇಲುಗೈ ಪಡೆಯುತ್ತದೆ, ಗಿಣ್ಣು ಗಿಣ್ಣಿನ ನಡುವೆ ಅಂತರ ಹೆಚ್ಚಿ ಗಿಡ ಸೊರಗಿದಂತೆ ಉದ್ದವಾಗುತ್ತದೆ. ಸುಡುಬಿಸಿಲಲ್ಲಿಟ್ಟರೆ ಬಣ್ಣ ಬಿಳಿಚಿ, ಅಂಚು ಕಂದಾಗುತ್ತದೆ. ಹಳದಿ, ತಿಳಿಹಸಿರು, ಬಿಳಿ ಪಟ್ಟೆಯ ತಳಿಗಳಲ್ಲಿ ಹರಿತ್ತು ಕಡಿಮೆ ಇರುವುದರಿಂದ ಅವು ಬೇಗ ಸುಡುತ್ತವೆ. ಕಡುಗೆಂಪು, ಕಪ್ಪುಮಿಶ್ರಿತ ನೇರಳೆಯವು ಹೆಚ್ಚು ಬಿಸಿಲು ತಡೆಯುತ್ತವೆ. ಸಮೇತನಹಳ್ಳಿಯಂಥ ಕಡೆ ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿ ಎಲ್ಲಕ್ಕಿಂತ ಒಳ್ಳೆಯ ಜಾಗ: ಹತ್ತು ಗಂಟೆಯವರೆಗೆ ಬಿಸಿಲು, ಆಮೇಲೆ ಬೆಳಕಿರುವ ನೆರಳು. ಉತ್ತರದ ಸಂದಿಯೂ ಆದೀತು, ಎದುರು ಗೋಡೆಗೆ ಬಿಳಿ ಬಣ್ಣ ಹೊಡೆದಿದ್ದರೆ ಇನ್ನೂ ಉತ್ತಮ. ಪಶ್ಚಿಮದ ಬಾಲ್ಕನಿಯವರು ಮಾರ್ಚ್‌ನಿಂದ ಮೇ ತನಕ ಅರ್ಧ ನೆರಳು ಕೊಡುವ ಶೇಡ್‌ನೆಟ್ ಕಟ್ಟದೆ ವಿಧಿಯಿಲ್ಲ. ತಾರಸಿ ಮೇಲೆ ಕುಂಡ ಇಡುವವರು ಕುಂಡದ ಕೆಳಗೆ ಎರಡು ಇಟ್ಟಿಗೆ ಕೊಡುವುದು ವಾಸಿ. ಎಷ್ಟೋ ಸಲ ಗಿಡ ಬಾಡುವುದು ಮೇಲಿನ ಬಿಸಿಲಿಗಲ್ಲ, ಕಾದ ಕಾಂಕ್ರೀಟು ಬೇರನ್ನು ಬೇಯಿಸುವುದಕ್ಕೆ.

ತಳಿಗಳನ್ನು ಕೊಳ್ಳುವಾಗಲೂ ಇದೇ ಮಾತು. 'ಕಾಂಗ್' ಎಂಬ ಸರಣಿಯ ಎಲೆ ಅಂಗೈಯಷ್ಟು ಅಗಲ, ನೋಡಲು ಭರ್ಜರಿ. ಆದರೆ ಅದು ಅಪ್ಪಟ ನೆರಳಿನ ಗಿಡ, ಗಾಳಿಗೆ ಹರಿಯುತ್ತದೆ, ಹತ್ತನೇ ಮಹಡಿಗೆ ಒಗ್ಗದು. 'ವಿಜರ್ಡ್' ಸರಣಿಯವು ಗಿಡ್ಡ, ಬುಡದಿಂದಲೇ ಕವಲೊಡೆಯುವಂಥವು, ಬೀಜದಿಂದ ಬರುತ್ತವೆ, ಹೊಸಬರಿಗೆ ಸರಿ. 'ಕಲರ್‌ಬ್ಲೇಜ್' ಹೆಸರಿನವು ಬಿಸಿಲು ತಾಳುವಂತೆ ಬೆಳೆಸಿದ, ಕಡ್ಡಿಯಿಂದಲೇ ಮುಂದುವರಿಯುವ ತಳಿಗಳು. ಇಂಥವುಗಳ ಹಿಂದೆ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಡೇವಿಡ್ ಕ್ಲಾರ್ಕ್ ಅವರ ತಳಿ ಅಭಿವೃದ್ಧಿಯ ಕೆಲಸವಿದೆ. ಹಾಗಂತ ನಮ್ಮ ರಸ್ತೆಬದಿಯ ನರ್ಸರಿಗಳಲ್ಲಿ ಹೆಸರು ಬರೆದ ಚೀಟಿ ಹುಡುಕುವುದು ವ್ಯರ್ಥ. ಅಲ್ಲಿ ಎಲ್ಲವೂ 'ಕೋಲಿಯಸ್'. ಬಣ್ಣ ನೋಡಿ, ಬುಡ ನೋಡಿ ಆರಿಸಬೇಕು. ಉದ್ದನೆಯ ಒಂಟಿಕಾಂಡದ ಗಿಡಕ್ಕಿಂತ ಗಿಡ್ಡಗೆ ನಾಲ್ಕು ಕವಲಿರುವುದು ಮೇಲು. ಎಲೆ ಮಗುಚಿ ನೋಡಿ, ಕಂಕುಳಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅಲ್ಲೇ ಬಿಟ್ಟು ಬರಬೇಕು. ಅದು ಹಿಟ್ಟು ತಿಗಣೆ. ಒಂದು ಗಿಡದ ಜೊತೆ ಮನೆಗೆ ಬಂದರೆ ದಾಸವಾಳವನ್ನೂ ಬಿಡುವುದಿಲ್ಲ.

ಚಿವುಟುವ ಕೆಲಸಕ್ಕೆ ಬರೋಣ. ಪಿಯುಸಿ, ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ ಓದಿದವರು ಸೂಕ್ಷ್ಮದರ್ಶಕದ ಕೆಳಗೆ ಕಾಂಡದ ತುದಿಯ ಉದ್ದಸೀಳಿಕೆಯನ್ನು ನೋಡಿರುತ್ತಾರೆ: ನಡುವೆ ಗುಮ್ಮಟದಂಥ ತುದಿ, ಎರಡೂ ಪಕ್ಕ ಎಳೆ ಎಲೆಗಳ ಕೊಂಬು, ಆ ಎಲೆಗಳ ಬುಡದಲ್ಲಿ ಪುಟ್ಟ ಮೊಗ್ಗು. ಲೋಕದ ಪ್ರಯೋಗಾಲಯಗಳಲ್ಲೆಲ್ಲ ಆ ಸ್ಲೈಡಿಗೆ ಕೋಲಿಯಸ್ ತುದಿಯನ್ನೇ ಬಳಸುವುದು ವಾಡಿಕೆ. ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಕ್ಕೆ ಇಳಿದು ಪಕ್ಕದ ಮೊಗ್ಗುಗಳನ್ನು ಏಳದಂತೆ ಅದುಮಿ ಹಿಡಿಯುತ್ತದೆ. ತುದಿ ಹೋದರೆ ಅದುಮುವವರಿಲ್ಲ. ಆ ಗಿಣ್ಣಿನ ಎರಡೂ ಮೊಗ್ಗು ಚಿಗುರುತ್ತವೆ. ಒಂದಿದ್ದದ್ದು ಎರಡು, ಎರಡನ್ನು ಚಿವುಟಿದರೆ ನಾಲ್ಕು, ನಾಲ್ಕನ್ನು ಚಿವುಟಿದರೆ ಎಂಟು. ನರ್ಸರಿಯವರ ಗಿಡ ಬುಟ್ಟಿ ತುಂಬಿದ ಹಾಗೆ ಕಾಣುವುದರ ಗುಟ್ಟು ಯಾವ ಔಷಧವೂ ಅಲ್ಲ, ಹೆಬ್ಬೆರಳ ಉಗುರು. ಗಿಡ ಆರು ಇಂಚು ಆದಾಗ ಮೊದಲ ಸಲ, ಹೊಸ ಕವಲುಗಳು ಎರಡೆರಡು ಜೋಡಿ ಎಲೆ ಬಿಟ್ಟಾಗ ಇನ್ನೊಮ್ಮೆ ಚಿವುಟಬೇಕು. ಗಿಣ್ಣಿನ ಸ್ವಲ್ಪ ಮೇಲೆ ಚಿವುಟಿ. ಗಿಣ್ಣೇ ಹೋದರೆ ಮೊಗ್ಗೂ ಹೋಗುತ್ತದೆ. ಗಿಡ ಚೆನ್ನಾಗಿರುವಾಗ ತುದಿ ಕೀಳಲು ಮನಸ್ಸು ಬರುವುದಿಲ್ಲ ಎನ್ನುವವರೇ ಹೆಚ್ಚು. ಮನಸ್ಸು ಗಟ್ಟಿ ಮಾಡಿಕೊಳ್ಳದಿದ್ದರೆ ಮೂರೇ ತಿಂಗಳಲ್ಲಿ ಗಿಡ ಕೋಲಾಗುತ್ತದೆ.

ಚಿವುಟಿದ್ದನ್ನು ಎಸೆಯಬೇಕಿಲ್ಲ. ಅದೇ ಮುಂದಿನ ಗಿಡ.

ಕಡ್ಡಿ ತೆಗೆಯುವುದಕ್ಕೆ ಬೆಳಗಿನ ಹೊತ್ತು ಸರಿ. ರಾತ್ರಿಯಿಡೀ ನೀರು ಹೀರಿ ಕಾಂಡ ಬಿಗಿಯಾಗಿರುತ್ತದೆ. ಹೂ ಬಂದಿರದ, ಬಗ್ಗಿಸಿದರೆ ಪಟಕ್ಕನೆ ಮುರಿಯುವ ಎಳೆಯ ಕಾಂಡ ನೋಡಿಕೊಳ್ಳಬೇಕು. ಬುಡದ ಕಂದು ಬಣ್ಣದ ಕಾಂಡವೂ ಬೇರು ಬಿಡುತ್ತದೆ, ಆದರೆ ನಿಧಾನ. ತುದಿಯಿಂದ ನಾಲ್ಕೈದು ಇಂಚು ಕೆಳಗೆ, ಗಿಣ್ಣಿಗೆ ತಾಗಿಕೊಂಡಂತೆ ಅದರ ಕೆಳಭಾಗದಲ್ಲಿ ಹರಿತವಾದ ಬ್ಲೇಡಿನಿಂದ ಕತ್ತರಿಸಬೇಕು. ಅಡುಗೆಮನೆಯ ಮೊಂಡು ಕತ್ತರಿ ಕಾಂಡವನ್ನು ಜಜ್ಜುತ್ತದೆ, ಜಜ್ಜಿದ ಕಡೆ ಕೊಳೆಯುತ್ತದೆ. ಕೆಳಗಿನ ಎರಡು ಜೋಡಿ ಎಲೆ ತೆಗೆದರೆ ನಾಲ್ಕು ಮೂಲೆಯ ಬರಿಯ ಕಾಂಡವೂ ಅದರ ಮೇಲೆ ಎಲೆ ಕಿತ್ತ ಗುರುತೂ ಕಾಣುತ್ತವೆ. ಬೇರು ಮುಖ್ಯವಾಗಿ ಅಲ್ಲಿಂದಲೇ ಹೊರಡುವುದು. ಮೇಲೆ ಉಳಿದ ಎಲೆಗಳು ತೀರಾ ದೊಡ್ಡವಾದರೆ ಅರ್ಧಕ್ಕೆ ಕತ್ತರಿಸಬಹುದು. ನೋಡಲು ಅಂದಗೆಡುತ್ತದೆ, ಆದರೆ ಬೇರಿಲ್ಲದ ಕಡ್ಡಿಗೆ ಅಷ್ಟೆಲ್ಲ ಎಲೆಗೆ ನೀರುಣಿಸುವ ತ್ರಾಣವಿರುವುದಿಲ್ಲ. ಬೇರು ಬರಿಸುವ ಪುಡಿ ಬೇಕೇ ಎಂದು ಕೇಳುವವರಿದ್ದಾರೆ. ಕೋಲಿಯಸ್‌ಗೆ ಅದು ದಂಡದ ಖರ್ಚು.

ನೀರಿನಲ್ಲಿ ಬೇರು ಬರಿಸುವುದು ಮಕ್ಕಳಿಗೂ ಬರುತ್ತದೆ. ಗಾಜಿನ ಲೋಟದಲ್ಲಿ ಎರಡು ಇಂಚು ನೀರು, ಗಿಣ್ಣು ಮುಳುಗಬೇಕು, ಎಲೆ ತಾಗಬಾರದು. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಬೇಕು. ನೇರ ಬಿಸಿಲು ಬೀಳದ ಕಿಟಕಿಯಲ್ಲಿಟ್ಟರೆ ಬೆಚ್ಚಗಿನ ದಿನಗಳಲ್ಲಿ ಒಂದು ವಾರದಲ್ಲೇ ಬಿಳಿ ಬೇರು ಇಣುಕುತ್ತದೆ, ಡಿಸೆಂಬರ್–ಜನವರಿಯಲ್ಲಿ ಎರಡು ವಾರವಾದರೂ ಆಗಬಹುದು. ಇಲ್ಲಿ ಬಹಳ ಮಂದಿ ಎಡವುವುದು ಬೇರಿನ ಚೆಂದಕ್ಕೆ ಮರುಳಾಗಿ. ಲೋಟದ ತುಂಬ ಬೇರು ಸುತ್ತಿಕೊಳ್ಳುವವರೆಗೆ ಬಿಟ್ಟರೆ ಅದು ನೀರಿಗೆ ಒಗ್ಗಿದ ಮೆತ್ತನೆಯ ಬೇರು; ಮಣ್ಣಿಗೆ ಬಂದ ಮೇಲೆ ಅದರಲ್ಲಿ ಹೆಚ್ಚಿನದು ಮುರಿದು, ಕೊಳೆತು ಹೋಗುತ್ತದೆ. ಒಂದು ಇಂಚು ಆಗುತ್ತಿದ್ದಂತೆ ಕುಂಡಕ್ಕೆ ಸಾಗಿಸಿ, ಮೊದಲ ವಾರ ಮಣ್ಣನ್ನು ಸ್ವಲ್ಪ ಹೆಚ್ಚೇ ತೇವವಾಗಿಟ್ಟು, ಆಮೇಲೆ ಕಡಿಮೆ ಮಾಡುತ್ತಾ ಬರಬೇಕು.

ಹತ್ತಾರು ಗಿಡ ಬೇಕಾದವರಿಗೆ ಪ್ರೋಟ್ರೇ ಒಳ್ಳೆಯದು. ಹೊಸಕೋಟೆ ಸುತ್ತಿನ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಟೊಮೆಟೊ, ಕ್ಯಾಪ್ಸಿಕಂ, ಹೂಕೋಸಿನ ಸಸಿಗಳನ್ನು ಶೇಡ್‌ನೆಟ್ಟಿನೊಳಗೆ ಕೊಕೊಪೀಟ್ ತುಂಬಿದ ಟ್ರೇಗಳಲ್ಲಿ ಎಬ್ಬಿಸುವುದು ಈ ಭಾಗದಲ್ಲಿ ನಿತ್ಯದ ಕಸುಬು. ಅದೇ ಟ್ರೇ, ಅದೇ ಪುಡಿ. ಬೀಜದ ಬದಲು ಕಡ್ಡಿ. ಕೊಕೊಪೀಟನ್ನು ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ತೊಳೆಯದ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಎಳೆ ಬೇರನ್ನು ಅದು ಸುಡುತ್ತದೆ. ಇಟ್ಟಿಗೆಯಂಥ ಕಟ್ಟನ್ನು ನೆನೆಹಾಕಿ, ನೀರು ಬಸಿದು, ಮತ್ತೆ ಒಳ್ಳೆಯ ನೀರಲ್ಲಿ ತೊಳೆಯಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದಿರುವ ಅರ್ಕ ಹೆಸರಿನ ಹುದುಗಿಸಿದ ಕೊಕೊಪೀಟ್ ಸಿಕ್ಕರೆ ಈ ರಗಳೆ ಇಲ್ಲ. ಕಡ್ಡಿಯನ್ನು ಒಂದೂವರೆ ಇಂಚು ಇಳಿಸಿ, ಬುಡ ಅದುಮಿ, ಟ್ರೇ ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ನೆರಳಲ್ಲಿಡಬೇಕು. ದಿನಕ್ಕೊಮ್ಮೆ ಹೊದಿಕೆ ಎತ್ತಿ ಗಾಳಿ ಆಡಿಸಬೇಕು. ಎರಡು ವಾರದ ಹೊತ್ತಿಗೆ ಮೆಲ್ಲಗೆ ಎಳೆದರೆ ಕಡ್ಡಿ ಬಿಗಿ ಹಿಡಿದಿದ್ದರೆ ಬೇರು ಬಂದಿದೆ ಎಂದರ್ಥ.

ಬರೀ ಎಲೆಯಿಂದ ಗಿಡ ಆದೀತೇ? ಎಲೆಯನ್ನು ತೊಟ್ಟಿನ ಸಮೇತ ನೀರಿಗೆ ಹಾಕಿದರೆ ಬೇರಂತೂ ಬರುತ್ತದೆ. ತಿಂಗಳುಗಟ್ಟಲೆ ಹಸಿರಾಗಿಯೂ ಇರುತ್ತದೆ. ಆದರೆ ಚಿಗುರಲು ಮೊಗ್ಗಿಲ್ಲದ ಕಾರಣ ಅದು ಎಲೆಯಾಗಿಯೇ ಉಳಿಯುತ್ತದೆ. ಗಿಣ್ಣಿನ ತುಣುಕು, ಅದರ ಕಂಕುಳ ಮೊಗ್ಗು ಜೊತೆಗಿದ್ದರೆ ಮಾತ್ರ ಕೆಲಸವಾಗುತ್ತದೆ. ಅಪರೂಪದ ಬಣ್ಣದ ಒಂದೇ ಒಂದು ಕಡ್ಡಿ ಸಿಕ್ಕವರು ಈ ಉಪಾಯ ಮಾಡಬಹುದು: ಪ್ರತಿ ಗಿಣ್ಣನ್ನೂ ಬೇರೆ ಮಾಡಿ, ಗಿಣ್ಣನ್ನು ಉದ್ದಕ್ಕೆ ಸೀಳಿ, ಒಂದೊಂದು ಎಲೆ, ಒಂದೊಂದು ಮೊಗ್ಗು ಇರುವ ತುಂಡುಗಳನ್ನು ನೆಟ್ಟರೆ ಒಂದು ಕಡ್ಡಿಯಿಂದ ಆರೆಂಟು ಗಿಡಗಳಾಗುತ್ತವೆ.

ಈಗ ನೀರಿನ ವಿಚಾರ. ಹೊಸಕೋಟೆ ತಾಲ್ಲೂಕಿನಲ್ಲಿ ಇದು ಬೆಳಕಿಗಿಂತ ದೊಡ್ಡ ತಲೆನೋವು. ಅಂತರ್ಜಲ ಆಳಕ್ಕೆ ಇಳಿದಿದೆ. ಆಳದ ಬೋರ್‌ವೆಲ್ ನೀರು ಬಹುಪಾಲು ಗಡಸು. ಬಕೆಟ್ಟಿನ ಅಂಚಿಗೆ, ನಲ್ಲಿಯ ಬಾಯಿಗೆ ಕಟ್ಟುವ ಬಿಳಿ ಪದರವೇ ಸಾಕ್ಷಿ. ಅದೇ ನೀರನ್ನು ಎಲೆ ಮೇಲೆ ಚಿಮುಕಿಸಿದರೆ ಕಡುಗೆಂಪು ಎಲೆಯ ಮೇಲೆ ಸುಣ್ಣದ ಚುಕ್ಕೆ ಕೂರುತ್ತದೆ, ಬಣ್ಣವೇ ಹಾಳು. ಆದ್ದರಿಂದ ನೀರನ್ನು ಬುಡಕ್ಕೇ ಹಾಕಬೇಕು. ಗಡಸು ನೀರು ಕುಂಡದ ಮಣ್ಣನ್ನು ಕ್ರಮೇಣ ಕ್ಷಾರಕ್ಕೆ ತಿರುಗಿಸುತ್ತದೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರು ಹೀರಲಾರದು. ಹೊಸ ಎಲೆಯಲ್ಲಿ ನರ ಹಸಿರು, ನಡುವೆಲ್ಲ ಬಿಳಿಚು. ಬಣ್ಣದ ಎಲೆಯಲ್ಲಿ ಇದು ತಳಿಯ ಗುಣವೋ ಕೊರತೆಯೋ ಎಂದು ತಿಳಿಯುವುದು ಕಷ್ಟ. ಹಳೆಯ ಎಲೆಗಳ ಪಕ್ಕ ಹೊಸ ಎಲೆ ಹಿಡಿದು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಬಡಾವಣೆಗಳಲ್ಲಿ ಇದರ ಜೊತೆ ಇನ್ನೆರಡು ಅಪಾಯಗಳಿವೆ. ಮೊದಲನೆಯದು, ಆರ್‌ಒ ಯಂತ್ರದಿಂದ ಹೊರಬೀಳುವ ನೀರು. ಪೋಲಾಗಬಾರದೆಂಬ ಒಳ್ಳೆಯ ಮನಸ್ಸಿನಿಂದ ಗೃಹಿಣಿಯರು ಅದನ್ನು ಹಿಡಿದು ಗಿಡಕ್ಕೆ ಹಾಕುತ್ತಾರೆ. ಕುಡಿಯುವ ನೀರಿನಿಂದ ಬೇರ್ಪಡಿಸಿದ ಲವಣವೆಲ್ಲ ಸೇರಿಕೊಂಡ ನೀರು ಅದು. ಮೂಲ ಬೋರ್‌ವೆಲ್ ನೀರಿಗಿಂತ ಉಪ್ಪು. ನೆಲ ಒರೆಸಲು ಸರಿ, ಕುಂಡಕ್ಕೆ ಬೇಡ. ಎರಡನೆಯದು, ಅಪಾರ್ಟ್‌ಮೆಂಟುಗಳ ಸಾಫ್ಟ್‌ನರ್. ಉಪ್ಪು ಸುರಿದು ನಡೆಸುವ ಈ ಯಂತ್ರ ಸುಣ್ಣವನ್ನು ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ. ಸ್ನಾನಕ್ಕೆ ಹಿತ, ಗಿಡಕ್ಕೆ ಅಲ್ಲ. ಹಾಗಾದರೆ ಏನು ಹಾಕುವುದು? ಮಳೆನೀರು. ಸಣ್ಣ ಮನೆಯಾದರೂ ತಾರಸಿಯ ಕೊಳವೆಗೆ ಒಂದು ಡ್ರಮ್ಮು ಕೊಟ್ಟರೆ ಹತ್ತಿಪ್ಪತ್ತು ಕುಂಡಗಳಿಗೆ ವಾರಗಟ್ಟಲೆ ಆಗುತ್ತದೆ. ಮುಚ್ಚಳ ಭದ್ರವಿರಲಿ, ಇಲ್ಲದಿದ್ದರೆ ಸೊಳ್ಳೆಯ ಸಾಕಣೆಯಾಗುತ್ತದೆ. ಅಕ್ಕಿ, ಬೇಳೆ ತೊಳೆದ ನೀರೂ ಆದೀತು. ಬೋರ್‌ವೆಲ್ ನೀರು ಬಿಟ್ಟು ಗತಿಯಿಲ್ಲದವರು ಒಳ್ಳೆಯ ಮಳೆ ಬಂದ ದಿನ ಕುಂಡಗಳನ್ನೆಲ್ಲ ಬಯಲಿಗೆ ತಂದು ನೆನೆಯಲು ಬಿಡಲಿ. ಕಟ್ಟಿಕೊಂಡ ಉಪ್ಪು ತಳದ ತೂತಿನಿಂದ ತೊಳೆದು ಹೋಗುತ್ತದೆ.

ಎಷ್ಟು ನೀರು ಎಂಬುದಕ್ಕೆ ಗಿಡವೇ ಉತ್ತರ ಕೊಡುತ್ತದೆ. ಬಾಯಾರಿದ ಕೋಲಿಯಸ್ ಎಲೆಗಳನ್ನೆಲ್ಲ ನೇತುಹಾಕಿ ಸತ್ತೇಹೋದಂತೆ ನಿಲ್ಲುತ್ತದೆ. ನೀರು ಹಾಕಿದ ಅರ್ಧ ಗಂಟೆಯಲ್ಲಿ ಏಳುತ್ತದೆ. ಆದರೆ ಮಣ್ಣು ಒದ್ದೆಯಿದ್ದೂ ಎಲೆ ಜೋತಿದ್ದರೆ ಅದು ಬಾಯಾರಿಕೆಯಲ್ಲ, ಬೇರುಕೊಳೆ. ಆಗ ಇನ್ನಷ್ಟು ನೀರು ಸುರಿಯುವುದು ಕೊಲೆಗೆ ಸಮ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡುವ ಅಭ್ಯಾಸ ಇದಕ್ಕೇ ಇರುವುದು. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಕಾಂಡದ ಬುಡ ಕಪ್ಪಾಗಿ ಮೆತ್ತಗಾದರೆ ಆ ಗಿಡದ ಆಸೆ ಬಿಟ್ಟು, ಮೇಲೆ ಗಟ್ಟಿಯಿರುವ ತುದಿಯನ್ನು ಕತ್ತರಿಸಿ ಹೊಸದಾಗಿ ನೆಡುವುದು ಜಾಣತನ.

ಈ ಸೀಮೆಯ ಕೆಮ್ಮಣ್ಣು ಹೊಲದಲ್ಲಿ ಚಿನ್ನ, ಕುಂಡದಲ್ಲಿ ತೊಂದರೆ. ನೆನೆದರೆ ಅಂಟು, ಒಣಗಿದರೆ ಕಲ್ಲು. ಹಂಚು, ಇಟ್ಟಿಗೆಗೆ ಹೆಸರಾದ ಮಾಲೂರು ಪಕ್ಕದಲ್ಲೇ ಇರುವುದು ಸುಮ್ಮನೆಯಲ್ಲ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೊಕೊಪೀಟ್, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ನೀರು ಬಸಿಯಲು ಇಟ್ಟಿಗೆ ಚೂರನ್ನು ಕುಂಡದ ತಳಕ್ಕೆ ದಪ್ಪಗೆ ಹಾಸುವ ಪದ್ಧತಿಯಿದೆ. ಅದರಿಂದ ಲಾಭವಿಲ್ಲ, ಚೂರಿನ ಪದರದ ಮೇಲೆ ಮಣ್ಣು ಹಾಗೇ ಜವುಗಾಗಿ ನಿಲ್ಲುತ್ತದೆ, ಬೇರಿಗೆ ಜಾಗವೂ ಕಡಿಮೆ. ತೂತಿನ ಮೇಲೆ ಒಂದು ಹಂಚಿನ ಚೂರು ಸಾಕು. ಉಳಿದ ಇಟ್ಟಿಗೆಯನ್ನು ಕಡಲೆ ಗಾತ್ರಕ್ಕೆ ಕುಟ್ಟಿ ಮಣ್ಣಿನಲ್ಲೇ ಬೆರೆಸಿದರೆ ಗಾಳಿಯೂ ಆಡುತ್ತದೆ, ನೀರೂ ಇಳಿಯುತ್ತದೆ. ಇನ್ನೊಂದು ಮಾತು: ಟೊಮೆಟೊ ಬೆಳೆದ ಹೊಲದ ಮಣ್ಣನ್ನು ಪುಕ್ಕಟೆ ಸಿಕ್ಕಿತೆಂದು ತರಬಾರದು. ಅದರಲ್ಲಿ ಬೇರುಗಂಟು ಜಂತುಹುಳು ಇರುವ ಸಂಭವ ಹೆಚ್ಚು. ಮಾಕಂದಿ ಬೇರಿನ ಬೆಳೆಗಾರರನ್ನು ಸೊರಗು ರೋಗದ ಜೊತೆ ಸೇರಿ ಕಾಡುವುದು ಇದೇ ಹುಳು. ಬಣ್ಣದ ಕೋಲಿಯಸ್ಸಿಗೂ ಅದು ಅಂಟುತ್ತದೆ.

ಗೊಬ್ಬರದಲ್ಲಿ ಧಾರಾಳತನ ಬೇಡ. ಸಾರಜನಕ ಹೆಚ್ಚಾದರೆ ಗಿಡ ದಷ್ಟಪುಷ್ಟವಾಗುತ್ತದೆ, ಎಲೆ ಅಗಲವಾಗುತ್ತದೆ, ಬಣ್ಣ ಮಾತ್ರ ಹಸಿರಿನಲ್ಲಿ ಮುಳುಗುತ್ತದೆ. 19:19:19 ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂ ಕರಗಿಸಿ ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಸಾಕು. ಎರೆಗೊಬ್ಬರ ಹಾಕುವವರಿಗೆ ಅದೂ ಬೇಕಿಲ್ಲ. ಚಹಾ ಚರಟ, ಬಾಳೆಹಣ್ಣಿನ ಸಿಪ್ಪೆಯನ್ನು ಹಸಿಹಸಿಯಾಗಿ ಬುಡಕ್ಕೆ ಒಟ್ಟುವುದನ್ನು ಅನೇಕರು ಸಾವಯವ ಎಂದುಕೊಂಡಿದ್ದಾರೆ. ಅದು ಸಣ್ಣ ನೊಣಗಳಿಗೆ ಔತಣ. ಕಾಂಪೋಸ್ಟ್ ಡಬ್ಬಕ್ಕೆ ಹಾಕಿ, ಕಳಿತ ಮೇಲೆ ತರಲಿ.

ಬೀಜದ ದಾರಿ ಬೇರೆಯೇ ಮಜ. ಒಂದು ಗ್ರಾಂ ಕೋಲಿಯಸ್ ಬೀಜದಲ್ಲಿ ಸುಮಾರು 3,500 ಕಾಳು. ರಾಗಿಯ ಕಾಳಿಗೆ ಹೋಲಿಸಿದರೆ ಹತ್ತರಲ್ಲೊಂದು ಪಾಲಿನ ತೂಕ. ಇಷ್ಟು ಸಣ್ಣದನ್ನು ಮಣ್ಣಲ್ಲಿ ಹೂತರೆ ಮೊಳೆಯುವುದಿಲ್ಲ. ಮೊಳೆಯಲು ಬೆಳಕೂ ಬೇಕು. ಒದ್ದೆ ಕೊಕೊಪೀಟಿನ ಮೇಲೆ ಉದುರಿಸಿ, ಮೆಲ್ಲಗೆ ಒತ್ತಿ, ಮೇಲೆ ಗಾಜು ಅಥವಾ ಪ್ಲಾಸ್ಟಿಕ್ ಮುಚ್ಚಿ, ನೀರನ್ನು ಮೇಲಿನಿಂದ ಸುರಿಯದೆ ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರಿಸಬೇಕು. 21ರಿಂದ 24 ಡಿಗ್ರಿ ಉಷ್ಣಾಂಶದಲ್ಲಿ ಎರಡು ವಾರದೊಳಗೆ ಮೊಳಕೆ. ಮೊದಲು ಎಲ್ಲವೂ ಹಸಿರಾಗಿ ನಿರಾಸೆ ಹುಟ್ಟಿಸುತ್ತವೆ. ನಿಜವಾದ ಎಲೆ ಎರಡು ಜೋಡಿ ಬಂದ ಮೇಲೆ ಬಣ್ಣ ಬಿಚ್ಚಿಕೊಳ್ಳುತ್ತವೆ. ಸಸಿ ತೆಳು ಮಾಡುವಾಗ ದಷ್ಟವಾದವನ್ನು ಉಳಿಸಿ ಸೊರಗಿದವನ್ನು ಕೀಳುವುದು ರೈತರ ರೂಢಿ. ಇಲ್ಲಿ ಆ ರೂಢಿ ಕೈಕೊಡುತ್ತದೆ. ಹರಿತ್ತು ಕಡಿಮೆಯಿರುವ, ಅಂದರೆ ಬಣ್ಣ ಹೆಚ್ಚಿರುವ ಸಸಿಗಳೇ ನಿಧಾನವಾಗಿ ಬೆಳೆಯುವುದು. ಪುಟ್ಟವನ್ನು ತಾಳ್ಮೆಯಿಂದ ಇಟ್ಟುಕೊಂಡವರಿಗೆ ಒಳ್ಳೆಯ ಬಣ್ಣ ಸಿಗುತ್ತದೆ. ಮನೆಯ ಗಿಡದಲ್ಲೇ ಬೀಜ ಕಟ್ಟಿಸಿ ಬಿತ್ತಿದರೆ ತಾಯಿಯಂಥದ್ದೇ ಬರುವುದೆಂಬ ಭರವಸೆ ಇಲ್ಲ. ಅದೇ ಬಣ್ಣ ಬೇಕಾದರೆ ಕಡ್ಡಿಯೇ ಗತಿ.

ಕಡ್ಡಿಯಲ್ಲೂ ಆಗೊಮ್ಮೆ ಈಗೊಮ್ಮೆ ಅಚ್ಚರಿ ಕಾಣಿಸುತ್ತದೆ. ಕೆಂಪು–ಹಳದಿ ಗಿಡದಲ್ಲಿ ಒಂದು ಕವಲು ಪೂರಾ ಹಸಿರಾಗಿ ಹೊರಡಬಹುದು. ಅದು ಉಳಿದವಕ್ಕಿಂತ ಜೋರಾಗಿ ಬೆಳೆದು ಇಡೀ ಗಿಡವನ್ನು ನುಂಗುವ ಮುಂಚೆ ಬುಡದಿಂದ ತೆಗೆಯಬೇಕು. ಇನ್ನು ಕೆಲವು ಸಲ ಎಲ್ಲೂ ಕಾಣದ ಪಟ್ಟೆ, ಚುಕ್ಕೆಯ ಕವಲು ಬರುತ್ತದೆ. ಅದನ್ನು ಬಿಡಬಾರದು. ಹೆಸರು ಮಾಡಿದ ಎಷ್ಟೋ ತಳಿಗಳು ಹೀಗೆ ಒಂದೇ ಕವಲಿನಲ್ಲಿ ಕಂಡ ಬದಲಾವಣೆಯಿಂದ ಬಂದವು. ಆ ಕವಲಿನಿಂದ ಕಡ್ಡಿ ತೆಗೆದು, ಅದರಿಂದ ಇನ್ನೊಂದು ಕಡ್ಡಿ ತೆಗೆದು, ಎರಡು ಮೂರು ಪೀಳಿಗೆ ಬಣ್ಣ ನಿಂತರೆ ಅದು ನಿಮ್ಮ ಮನೆಯದೇ ತಳಿ.

ಕೀಟಗಳಲ್ಲಿ ಹಿಟ್ಟು ತಿಗಣೆಯೇ ದೊಡ್ಡದು. ನಾಲ್ಕಾರು ಕಂಡಾಗಲೇ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆದರೆ ಮುಗಿಯಿತು. ಹಬ್ಬಿದರೆ ಬೇವಿನೆಣ್ಣೆ ಲೀಟರಿಗೆ ಮೂರರಿಂದ ಐದು ಮಿಲಿ, ಕರಗಲು ಸ್ವಲ್ಪ ಸೋಪು; ಅಥವಾ ಹೆಸರಘಟ್ಟದ ಸಂಸ್ಥೆಯದೇ ಬೇವಿನ ಸೋಪು. ಸಂಜೆ ಸಿಂಪಡಿಸಬೇಕು, ಮೊದಲು ಒಂದೆರಡು ಎಲೆಗೆ ಹಾಕಿ ಒಂದು ದಿನ ಕಾದು ನೋಡಬೇಕು. ತೆಳು ಎಲೆಯ ತಳಿಗಳಿಗೆ ಎಣ್ಣೆ ಒಗ್ಗದಿರಬಹುದು. ಮಾರ್ಚ್–ಏಪ್ರಿಲ್‌ನ ಒಣಹವೆಯಲ್ಲಿ ಎಲೆಯಡಿ ನುಸಿ ಕೂತು ಬಣ್ಣ ಪುಡಿ ಉದುರಿದಂತಾಗುತ್ತದೆ. ಎಲೆಯ ತಳಕ್ಕೆ ಮಳೆನೀರು ಎರಚಿದರೆ ಹತೋಟಿಗೆ ಬರುತ್ತದೆ. ಮಳೆಗಾಲದಲ್ಲಿ ಬಸವನಹುಳು, ಅದನ್ನು ರಾತ್ರಿ ಬ್ಯಾಟರಿ ಹಿಡಿದು ಆರಿಸುವುದೇ ಸೈ.

ನವೆಂಬರ್ ಬಂದು ಹಗಲು ಚಿಕ್ಕದಾದಂತೆ ಬಹಳಷ್ಟು ತಳಿಗಳು ತುದಿಯಲ್ಲಿ ತೆನೆ ಎತ್ತುತ್ತವೆ. ನೀಲಿ–ನೇರಳೆಯ ಸಣ್ಣ ಹೂ, ತುಳಸಿಯ ಕದಿರಿನ ಹಾಗೆ. ಎಲೆಗಾಗಿ ಬೆಳೆಸುವವರು ತೆನೆ ಕಂಡ ಕೂಡಲೇ ಮುರಿಯಬೇಕು. ಬಿಟ್ಟರೆ ಗಿಡದ ಸತ್ವವೆಲ್ಲ ಬೀಜಕ್ಕೆ ಹೋಗಿ ಎಲೆ ಚಿಕ್ಕದಾಗುತ್ತದೆ. ತುಡುವೆ ಜೇನಿಗೆಂದು ಒಂದು ಕುಂಡವನ್ನು ಹಾಗೇ ಬಿಟ್ಟರೆ ನಷ್ಟವಿಲ್ಲ. ಈ ಹೊತ್ತಿಗೆ ಜೂನ್‌ನಲ್ಲಿ ನೆಟ್ಟ ಗಿಡಗಳ ಯೌವನ ಮುಗಿದಿರುತ್ತದೆ. ಹೂವಿಗೆ ತಿರುಗುವ ಮೊದಲು, ಅಂದರೆ ಅಕ್ಟೋಬರ್ ಕೊನೆಯಲ್ಲೇ ಕಡ್ಡಿ ತೆಗೆದಿಟ್ಟುಕೊಂಡರೆ ಜನವರಿಗೆ ಸಣ್ಣ ಗಿಡಗಳು ಸಿದ್ಧ. ಅವನ್ನು ಫೆಬ್ರುವರಿಯಲ್ಲಿ ಎಂಟು ಇಂಚಿನ ಕುಂಡಕ್ಕೆ ದಾಟಿಸಿದರೆ ಯುಗಾದಿಯ ಹೊತ್ತಿಗೆ ತುಂಬಿಕೊಳ್ಳುತ್ತವೆ. ಮೇ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಮತ್ತೆ ಕಡ್ಡಿ. ವರ್ಷಕ್ಕೆ ಈ ಎರಡು ಸುತ್ತು ತಪ್ಪದಿದ್ದರೆ ಹೊಸ ಗಿಡ ಕೊಳ್ಳುವ ಪ್ರಮೇಯ ಬರುವುದಿಲ್ಲ.

ಜೋಡಿಸುವಾಗ ಒಂದೇ ಕುಂಡದಲ್ಲಿ ಮೂರು ಬಣ್ಣ ತುರುಕುವ ಆಸೆ ಎಲ್ಲರಿಗೂ. ಬಲವಾದದ್ದು ಉಳಿದೆರಡನ್ನು ತುಳಿಯುತ್ತದೆ. ಕುಂಡಕ್ಕೊಂದು ತಳಿ ಇಟ್ಟು ಕುಂಡಗಳನ್ನೇ ಅಕ್ಕಪಕ್ಕ ಜೋಡಿಸುವುದು ಲೇಸು. ಸೊರಗಿದ್ದನ್ನು ಎತ್ತಿ ಬೇರೆಯದನ್ನು ಇಡಲೂ ಆಗುತ್ತದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಕುಂಡಗಳನ್ನು ಸಾಲಾಗಿ ಜೋಡಿಸುವುದನ್ನು ಗಮನಿಸಿದರೆ ಈ ವಿದ್ಯೆ ತಿಳಿಯುತ್ತದೆ. ನೆರಳಿನ ಸಂದಿಯಲ್ಲಿ ತಿಳಿಹಸಿರು, ಹಳದಿ ತಳಿಗಳು ಎದ್ದು ಕಾಣುತ್ತವೆ. ಕಡುನೇರಳೆ ಅಲ್ಲಿ ಕತ್ತಲಲ್ಲಿ ಕರಗಿಹೋಗುತ್ತದೆ, ಅದಕ್ಕೆ ಬಿಳಿ ಗೋಡೆಯ ಹಿನ್ನೆಲೆ ಬೇಕು.

ಬೇರೆ ಬಣ್ಣ ಬೇಕೆಂದರೆ ಕೊಳ್ಳುವುದಕ್ಕಿಂತ ಕೊಟ್ಟು ತೆಗೆದುಕೊಳ್ಳುವುದು ಅಗ್ಗ. ಕತ್ತರಿಸಿದ ಕಡ್ಡಿಗಳ ಬುಡಕ್ಕೆ ಒದ್ದೆ ನ್ಯೂಸ್‌ಪೇಪರ್ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಸಡಿಲವಾಗಿ ಕಟ್ಟಿ, ಬಿಸಿಲು ತಾಗದಂತೆ ಇಟ್ಟುಕೊಂಡರೆ ಒಂದು ಹಗಲಿನ ಬಸ್ ಪ್ರಯಾಣ ಸಲೀಸಾಗಿ ತಾಳುತ್ತವೆ. ಊರು ಮುಟ್ಟಿದ ಮೇಲೆ ಬುಡದ ಅರ್ಧ ಇಂಚು ಕತ್ತರಿಸಿ ಬಿಸಾಡಿ, ನೀರಲ್ಲಿ ಒಂದು ಗಂಟೆ ನಿಲ್ಲಿಸಿ, ಆಮೇಲೆ ನೆಡಬೇಕು. ಹೊರಗಿನಿಂದ ಬಂದ ಕಡ್ಡಿಯನ್ನು ಎರಡು ವಾರ ಉಳಿದ ಗಿಡಗಳಿಂದ ದೂರವಿಟ್ಟು, ಎಲೆಯ ಕಂಕುಳನ್ನು ಆಗಾಗ ನೋಡುತ್ತಿದ್ದರೆ ತಿಗಣೆಯ ಭಯವಿಲ್ಲ.